ಬಳಕೆಯ ಪ್ರಸಂಗಗಳು: ತಂತ್ರಾಂಶಕ್ಕೆ ಮೊದಲು ಬರೆಯುವ ಕಥೆ

ಪೇಟೆಗೆ ಬಂದ ಒಬ್ಬಾತನಿಗೆ ತುರ್ತಾಗಿ ೨,೦೦೦ ರೂಪಾಯಿ ಬೇಕಾಗುತ್ತದೆ. ಬೀದಿಯ ಮೂಲೆಯಲ್ಲಿರುವ ಎ.ಟಿ.ಎಂ. ಕೋಣೆಯನ್ನು ಹೊಕ್ಕು, ಕಾರ್ಡನ್ನು ತೂರಿಸಿ, ಗುಪ್ತಸಂಖ್ಯೆಯನ್ನು ಒತ್ತಿ, ತನಗೆ ಬೇಕಾದ ಮೊತ್ತವನ್ನು ತಿಳಿಸುತ್ತಾನೆ. ಯಂತ್ರದ ಒಡಲಲ್ಲಿ ನೋಟುಗಳನ್ನು ಎಣಿಸುವ ಗರಗರ ಸದ್ದು ಕೇಳಿಸುತ್ತದೆ. ಇದ್ದಕ್ಕಿದ್ದಂತೆ ಆ ಸದ್ದು ನಿಲ್ಲುತ್ತದೆ. ತೆರೆಯ ಮೇಲೆ ‘ಕ್ಷಮಿಸಿ’ ಎಂಬ ಮಾತು ಮೂಡುತ್ತದೆ. ಹಣ ಬರಲಿಲ್ಲ. ಆದರೆ ಮರುಕ್ಷಣವೇ ಜೇಬಿನಲ್ಲಿದ್ದ ಮೊಬೈಲು, ಆತನ ಖಾತೆಯಿಂದ ೨,೦೦೦ ರೂಪಾಯಿಯನ್ನು ಕಳೆಯಲಾಗಿದೆಯೆಂಬ ಸಂದೇಶವನ್ನು ತರುತ್ತದೆ!

ಈಗ ಆತನ ಹಣ ಎಲ್ಲಿದೆ? ಯಂತ್ರದೊಳಗೋ, ಬ್ಯಾಂಕಿನಲ್ಲೋ, ಇವೆರಡರ ನಡುವಣ ತಂತಿಯಲ್ಲೋ? ಅದನ್ನು ಆತನಿಗೆ ಮರಳಿಸಬೇಕಾದವರು ಯಾರು? ಎಷ್ಟು ದಿನಗಳೊಳಗೆ? ಆ ಕೋಣೆಯಲ್ಲಿ ನಿಂತವನಿಗೆ ಈ ಪ್ರಶ್ನೆಗಳು ಆಗ ತಾನೆ ಹುಟ್ಟಿದುವು. ಆದರೆ ಇವಕ್ಕೆ ಉತ್ತರ ಸಿದ್ಧವಾಗಿರಬೇಕಾದದ್ದು ಅಂದಲ್ಲ. ಆ ಯಂತ್ರವನ್ನು ನಡೆಸುವ ತಂತ್ರಾಂಶದ ಮೊದಲನೆಯ ಸಾಲನ್ನು ಬರೆಯುವುದಕ್ಕೂ ಮುಂಚೆ.

ಬ್ಯಾಂಕಿನ ಕಿಟಕಿಯ ಹಿಂದೆ ಕುಳಿತ ಗುಮಾಸ್ತನಿಗೆ ಇಂಥ ಮುನ್ನೆಚ್ಚರಿಕೆ ಅಷ್ಟಾಗಿ ಬೇಕಿಲ್ಲ. ಪುಸ್ತಕದಲ್ಲಿ ಲೆಕ್ಕ ಬರೆದಾದ ಮೇಲೆ ಪೆಟ್ಟಿಗೆಯಲ್ಲಿ ನೋಟು ಸಾಲದೆಂದು ತಿಳಿದರೆ, ಆತ ಬರೆದುದನ್ನು ಹೊಡೆದುಹಾಕಿ, “ಸ್ವಲ್ಪ ಕುಳಿತಿರಿ ಸ್ವಾಮಿ” ಎಂದಾನು. ಅವನಿಗೆ ಸಹಜವಾದ ವಿವೇಕವಿದೆ. ಗಣಕಕ್ಕೆ ಅದಿಲ್ಲ. ಹೇಳಿದುದನ್ನು ಅದು ತಪ್ಪದೆ ಮಾಡುತ್ತದೆ; ಹೇಳದೆ ಬಿಟ್ಟುದನ್ನು ಊಹಿಸಿಕೊಂಡು ಮಾಡುವುದಿಲ್ಲ. ಆದುದರಿಂದ ಗುಮಾಸ್ತನು ಸಮಯ ಬಂದಾಗ ತೋರಿಸುವ ವಿವೇಕವನ್ನು, ಗಣಕಕ್ಕೆ ಕೆಲಸ ಒಪ್ಪಿಸುವವರು ಮುಂಚೆಯೇ ತೋರಿಸಿ, ಬರೆದಿಡಬೇಕು. ಹೀಗೆ ಬರೆದಿಡುವುದಕ್ಕೆ ಬಳಕೆಯಲ್ಲಿರುವ ಒಂದು ಸೊಗಸಾದ ವಿಧಾನಕ್ಕೆ ‘ಯೂಸ್ ಕೇಸ್’ ಎಂದು ಹೆಸರು. ಕನ್ನಡದಲ್ಲಿ ನಾವು ಇದನ್ನು ‘ಬಳಕೆಯ ಪ್ರಸಂಗ’ ಎಂದು ಕರೆಯಬಹುದು. ಬೆಂಗಳೂರಿನಲ್ಲಿ ತಂತ್ರಾಂಶವನ್ನು ಸಿದ್ಧಪಡಿಸುವ ಕಚೇರಿಗಳನ್ನು ನಾಳೆ ಸೇರಲಿರುವ ವಿದ್ಯಾರ್ಥಿಗಳಿಗಂತೂ ಇದರ ಪರಿಚಯ ಅವಶ್ಯ. ಸಂತೋಷದ ಸಂಗತಿಯೆಂದರೆ, ಇದನ್ನು ತಿಳಿಯಲು ಗಣಿತವಾಗಲಿ ಗಣಕದ ಭಾಷೆಯಾಗಲಿ ಬೇಕಿಲ್ಲ. ತಾಯಿನುಡಿಯಲ್ಲಿ ಒಂದು ಘಟನೆಯನ್ನು ಕ್ರಮವಾಗಿ ಹೇಳಬಲ್ಲವರಿಗೆ ಇದು ಸಾಧ್ಯ.

ಪಟ್ಟಿಯ ಕೊರತೆ

ತಂತ್ರಾಂಶವನ್ನು ಮಾಡಿಸುವವರು ತಮಗೆ ಬೇಕಾದುದನ್ನು ಹಿಂದಿನಿಂದಲೂ ಪಟ್ಟಿಯ ರೂಪದಲ್ಲಿ ಬರೆದುಕೊಡುತ್ತ ಬಂದಿದ್ದಾರೆ. ‘ಯಂತ್ರವು ಕಾರ್ಡನ್ನು ಓದತಕ್ಕದ್ದು.’ ‘ಯಂತ್ರವು ಗುಪ್ತಸಂಖ್ಯೆಯನ್ನು ಪರಿಶೀಲಿಸತಕ್ಕದ್ದು.’ ‘ಯಂತ್ರವು ರಸೀದಿಯನ್ನು ಮುದ್ರಿಸತಕ್ಕದ್ದು.’ ಹೀಗೆ ನೂರಾರು ‘ತಕ್ಕದ್ದು’ಗಳು. ದೊಡ್ಡ ಕೆಲಸವಾದರೆ ಅವು ಸಾವಿರಗಳೂ ಆಗುವುದುಂಟು.

ಇಂಥ ಪಟ್ಟಿಯಲ್ಲಿ ಪ್ರತಿಯೊಂದು ಮಾತೂ ನಿಜವಾಗಿರಬಹುದು. ಆದರೂ ಒಟ್ಟು ಚಿತ್ರ ಕಣ್ಣಿಗೆ ಕಟ್ಟುವುದಿಲ್ಲ. ಮದುವೆಯ ಮನೆಯ ಸಾಮಾನಿನ ಪಟ್ಟಿಯನ್ನು ನೋಡಿದವನಿಗೆ ಎಷ್ಟು ಸೇರು ಅಕ್ಕಿ, ಎಷ್ಟು ತೆಂಗಿನಕಾಯಿ ಎಂಬುದು ಗೊತ್ತಾದೀತು. ಬೀಗರು ಬಂದಾಗ ಕಾಲಿಗೆ ನೀರು ಕೊಡುವವರಾರು, ಮೊದಲ ಪಂಕ್ತಿ ಏಳುವ ಮುನ್ನವೇ ಅನ್ನ ಮುಗಿದರೆ ಮಾಡಬೇಕಾದದ್ದೇನು ಎಂಬುದು ಗೊತ್ತಾಗದು. ಯಾವುದಾದ ಮೇಲೆ ಯಾವುದು, ಯಾರಿಗಾಗಿ, ತಪ್ಪಿದರೆ ಏನು ಗತಿ—ಈ ಮೂರೂ ಪಟ್ಟಿಯಲ್ಲಿ ಅಡಗಿಹೋಗುತ್ತವೆ. ಪಟ್ಟಿಯಲ್ಲಿ ಇಲ್ಲದ ಮಾತೊಂದು ಇಲ್ಲವೆಂದು ಕಂಡುಹಿಡಿಯುವುದು ಬಹಳ ಕಷ್ಟ. ಕಥೆಯಲ್ಲಿ ಹಾಗಲ್ಲ. ನಡುವೆ ಒಂದು ಹೆಜ್ಜೆ ತಪ್ಪಿದರೆ ಕೇಳುವವನು ತಟ್ಟನೆ, “ಅಲ್ಲ, ಆಮೇಲೇನಾಯಿತು?” ಎನ್ನುತ್ತಾನೆ. ಬಳಕೆಯ ಪ್ರಸಂಗವು ಈ ಸಹಜ ಕುತೂಹಲವನ್ನೇ ಒಂದು ಸಾಧನವನ್ನಾಗಿ ಮಾಡಿಕೊಂಡಿದೆ.

ಟೆಲಿಫೋನಿನಿಂದ ಬಂದ ವಿದ್ಯೆ

ಈ ವಿಧಾನದ ಹುಟ್ಟು ಸ್ವೀಡನ್ ದೇಶದಲ್ಲಿ ಆಯಿತು. ಐವಾರ್ ಜೇಕಬ್‌ಸನ್ ಎಂಬ ಎಂಜಿನಿಯರರು ೧೯೬೦ರ ದಶಕದಲ್ಲಿ ಎರಿಕ್‌ಸನ್ ಎಂಬ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಗಣಕದ ಆಜ್ಞೆಯಂತೆ ನಡೆಯುವ ಟೆಲಿಫೋನ್ ವಿನಿಮಯ ಕೇಂದ್ರಗಳನ್ನು ಆ ಕಾಲದಲ್ಲಿ ರಚಿಸಲಾಗುತ್ತಿತ್ತು.

ಒಂದು ಟೆಲಿಫೋನ್ ಕರೆಯನ್ನು ಕುರಿತು ಯೋಚಿಸಿ. ಒಬ್ಬನು ರಿಸೀವರನ್ನು ಎತ್ತುತ್ತಾನೆ. ಕೇಂದ್ರವು ಡಯಲ್ ಮಾಡಬಹುದೆಂಬ ಸದ್ದನ್ನು ಕೇಳಿಸುತ್ತದೆ. ಆತನು ಅಂಕಿಗಳನ್ನು ತಿರುಗಿಸುತ್ತಾನೆ. ಕೇಂದ್ರವು ಎದುರಿನ ಮನೆಯ ಗಂಟೆಯನ್ನು ಬಾರಿಸುತ್ತದೆ. ಆ ಕಡೆಯವರು ಎತ್ತಿಕೊಳ್ಳುತ್ತಾರೆ, ಮಾತುಕತೆ ನಡೆಯುತ್ತದೆ, ಇಬ್ಬರೂ ಕೆಳಗಿಡುತ್ತಾರೆ. ಇಷ್ಟೇ. ಆದರೆ ಎರಡೇ ಅಂಕಿ ತಿರುಗಿಸಿ ಆತ ಯೋಚನೆಯಲ್ಲಿ ಮುಳುಗಿದರೆ? ಅಂಥ ಸಂಖ್ಯೆಯೇ ಇಲ್ಲದಿದ್ದರೆ? ಆ ಕಡೆಯವರು ಬೇರೊಬ್ಬರೊಡನೆ ಮಾತನಾಡುತ್ತಿದ್ದರೆ? ಗಂಟೆ ಬಾರಿಸುತ್ತಿರುವಾಗಲೇ ಕರೆದವನು ರಿಸೀವರನ್ನು ಕೆಳಗಿಟ್ಟರೆ? ಇವೆಲ್ಲವೂ ದಿನನಿತ್ಯ ನಡೆಯುವಂಥವೇ. ಪ್ರತಿಯೊಂದಕ್ಕೂ ಕೇಂದ್ರದಲ್ಲಿ ಉತ್ತರ ಇರಬೇಕು.

ಕರೆಯೆಂಬ ಒಂದೇ ಕಾರ್ಯವು ಕೇಂದ್ರದ ಹಲವು ಭಾಗಗಳನ್ನು ಹಾದು ಹೋಗುತ್ತದೆ. ಸಂಖ್ಯೆಯನ್ನು ಗ್ರಹಿಸುವ ಭಾಗ ಒಂದು, ದಾರಿ ಹುಡುಕುವ ಭಾಗ ಇನ್ನೊಂದು, ಲೆಕ್ಕ ಬರೆಯುವ ಭಾಗ ಮತ್ತೊಂದು. ಒಂದೊಂದು ಭಾಗವನ್ನು ಬೇರೆ ಬೇರೆ ವಿವರಿಸಿದರೆ ಕರೆ ಮಾಡಿದವನ ಅನುಭವ ಎಲ್ಲಿಯೂ ಇಡಿಯಾಗಿ ಕಾಣಿಸದು. ಆದುದರಿಂದ ಕರೆಗಳ ಒಂದೊಂದು ಬಗೆಯನ್ನೂ ಮೊದಲಿನಿಂದ ಕೊನೆಯವರೆಗೆ ಒಂದು ಪ್ರಸಂಗವಾಗಿ ವಿವರಿಸುವ ಪದ್ಧತಿ ಅಲ್ಲಿ ಬೆಳೆಯಿತು. ೧೯೮೬ರಲ್ಲಿ ಜೇಕಬ್‌ಸನ್ನರು ಇದನ್ನು ಟೆಲಿಫೋನಿನಿಂದ ಬಿಡಿಸಿ, ಯಾವ ತಂತ್ರಾಂಶಕ್ಕಾದರೂ ಹೊಂದುವಂತೆ ಸಾಮಾನ್ಯಗೊಳಿಸಿ, ಸ್ವೀಡಿಷ್ ಭಾಷೆಯಲ್ಲಿ ‘ಬಳಕೆಯ ಪ್ರಸಂಗ’ ಎಂಬ ಅರ್ಥ ಬರುವ ಹೆಸರನ್ನಿಟ್ಟರು. ೧೯೯೨ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಇದು ದೇಶದೇಶಗಳಿಗೂ ಹಬ್ಬಿತು.

ಒಂದು ಪ್ರಸಂಗವನ್ನು ಬರೆಯೋಣ

ಈಗ ನಮ್ಮ ಎ.ಟಿ.ಎಂ. ಕೋಣೆಗೆ ಮರಳಿ, ಅಲ್ಲಿ ನಡೆಯಬೇಕಾದುದನ್ನು ಬರೆದು ನೋಡೋಣ.

ಪ್ರಸಂಗದ ಹೆಸರು: ಖಾತೆಯಿಂದ ಹಣ ಪಡೆಯುವುದು.
ಮುಖ್ಯ ಪಾತ್ರ: ಖಾತೆದಾರ.
ನೆರವಿನ ಪಾತ್ರ: ಬ್ಯಾಂಕಿನ ಕೇಂದ್ರ ಗಣಕ.
ಪೂರ್ವಸ್ಥಿತಿ: ಯಂತ್ರವು ನಡೆಯುತ್ತಿದೆ, ಬ್ಯಾಂಕಿನೊಡನೆ ಅದಕ್ಕೆ ಸಂಪರ್ಕವಿದೆ.
ಕನಿಷ್ಠ ಭರವಸೆ: ಏನೇ ಆದರೂ, ಖಾತೆಯಿಂದ ಕಳೆದ ಹಣಕ್ಕೂ ಖಾತೆದಾರನ ಕೈಸೇರಿದ ಹಣಕ್ಕೂ ಕಡೆಗೆ ತಾಳೆಯಾಗುವುದು, ನಡೆದ ಪ್ರತಿಯೊಂದು ಹೆಜ್ಜೆಯೂ ಯಂತ್ರದ ದಾಖಲೆಯಲ್ಲಿ ಉಳಿಯುವುದು.

ನೇರ ದಾರಿ:
೧. ಖಾತೆದಾರನು ಕಾರ್ಡನ್ನು ಯಂತ್ರಕ್ಕೆ ಕೊಡುತ್ತಾನೆ.
೨. ಯಂತ್ರವು ಕಾರ್ಡನ್ನು ಓದಿ, ಗುಪ್ತಸಂಖ್ಯೆಯನ್ನೂ ಮೊತ್ತವನ್ನೂ ಕೇಳುತ್ತದೆ.
೩. ಖಾತೆದಾರನು ಅವೆರಡನ್ನೂ ತಿಳಿಸುತ್ತಾನೆ.
೪. ಯಂತ್ರವು ಬ್ಯಾಂಕಿನ ಒಪ್ಪಿಗೆಯನ್ನು ಕೇಳುತ್ತದೆ.
೫. ಬ್ಯಾಂಕಿನ ಗಣಕವು ಗುಪ್ತಸಂಖ್ಯೆಯನ್ನೂ ಶಿಲ್ಕನ್ನೂ ಪರಿಶೀಲಿಸಿ, ಮೊತ್ತವನ್ನು ಖಾತೆಯಿಂದ ಕಳೆದು, ಒಪ್ಪಿಗೆಯನ್ನು ಕಳುಹಿಸುತ್ತದೆ.
೬. ಯಂತ್ರವು ಕಾರ್ಡನ್ನು ಹಿಂದಿರುಗಿಸುತ್ತದೆ. ಖಾತೆದಾರನು ಅದನ್ನು ತೆಗೆದುಕೊಳ್ಳುತ್ತಾನೆ.
೭. ಯಂತ್ರವು ನೋಟುಗಳನ್ನು ಎಣಿಸಿ ಹೊರಗಿಡುತ್ತದೆ.
೮. ಖಾತೆದಾರನು ಹಣವನ್ನು ತೆಗೆದುಕೊಳ್ಳುತ್ತಾನೆ. ಯಂತ್ರವು ಅದನ್ನು ದಾಖಲಿಸಿ ಮುಂದಿನವರಿಗಾಗಿ ಸಿದ್ಧವಾಗುತ್ತದೆ.

ಇಲ್ಲಿ ಕೆಲವು ಅಂಶಗಳನ್ನು ವಾಚಕರು ಗಮನಿಸಬೇಕು. ಮುಖ್ಯ ಪಾತ್ರವೆಂದರೆ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದನು ಒಂದು ರಾತ್ರಿ ಎರಡು ವೇಷ ಹಾಕುವಂತೆ, ಬ್ಯಾಂಕಿನ ನೌಕರನೇ ತನ್ನ ಸಂಬಳ ತೆಗೆಯಲು ಬಂದಾಗ ಖಾತೆದಾರನಾಗುತ್ತಾನೆ. ಯಂತ್ರಕ್ಕೆ ನೋಟು ತುಂಬಲು ಬಂದಾಗ ಬೇರೆ ಪಾತ್ರವಾಗುತ್ತಾನೆ. ಪಾತ್ರ ಮನುಷ್ಯನೇ ಆಗಬೇಕೆಂದೂ ಇಲ್ಲ; ಬ್ಯಾಂಕಿನ ಗಣಕವೂ ಇಲ್ಲೊಂದು ಪಾತ್ರವೇ. ಪ್ರತಿ ವಾಕ್ಯದಲ್ಲಿಯೂ ಮಾಡುವವರು ಯಾರೆಂಬುದು ಸ್ಪಷ್ಟವಾಗಿದೆ. ‘ಗುಪ್ತಸಂಖ್ಯೆಯನ್ನು ಪರಿಶೀಲಿಸಲಾಗುತ್ತದೆ’ ಎಂದು ಬರೆದಿದ್ದರೆ, ಆ ಕೆಲಸ ಯಂತ್ರದ್ದೋ ಬ್ಯಾಂಕಿನದೋ ತಿಳಿಯುತ್ತಿರಲಿಲ್ಲ. ಕರ್ತೃವಿಲ್ಲದ ವಾಕ್ಯವು ಇಂಥ ಬರವಣಿಗೆಯಲ್ಲಿ ದೊಡ್ಡ ದೋಷ. ಇನ್ನು, ಯಾವ ಗುಂಡಿ ಎಲ್ಲಿದೆ, ತೆರೆಯ ಬಣ್ಣ ಯಾವುದು ಎಂಬ ಮಾತೇ ಇಲ್ಲಿಲ್ಲ. ಅವು ನಾಳೆ ಬದಲಾಗಬಹುದು. ಹಣ ಪಡೆಯುವ ಉದ್ದೇಶ ಬದಲಾಗದು.

ಆರನೆಯ ಹೆಜ್ಜೆ ಏಳನೆಯದಕ್ಕಿಂತ ಮೊದಲು ಬಂದಿರುವುದೂ ಆಕಸ್ಮಿಕವಲ್ಲ. ಹಣ ಪಡೆಯುವುದೇ ಬಂದವನ ಗುರಿ. ಹಣ ಕೈಸೇರಿದೊಡನೆ ತನ್ನ ಕೆಲಸ ಮುಗಿಯಿತೆಂದು ಮನಸ್ಸು ನಿರಾಳವಾಗುತ್ತದೆ. ಕಾರ್ಡನ್ನು ಯಂತ್ರದಲ್ಲೇ ಮರೆತು ಹೊರಡುವುದುಂಟು. ಕಾರ್ಡನ್ನು ಮೊದಲು ಕೊಟ್ಟರೆ ಈ ಮರೆವಿಗೆ ಆಸ್ಪದ ಕಡಮೆ. ಎರಡು ವಾಕ್ಯಗಳ ಸ್ಥಾನ ಬದಲಾವಣೆಯಿಂದ ಎಷ್ಟೋ ಮಂದಿಯ ಪರದಾಟ ತಪ್ಪುತ್ತದೆ. ಕಾಗದದ ಮೇಲೆ ಈ ಬದಲಾವಣೆಗೆ ಬೇಕಾದದ್ದು ಒಂದು ನಿಮಿಷ. ಯಂತ್ರಗಳು ಊರೂರಿನಲ್ಲಿ ನಿಂತ ಮೇಲೆ ಅದಕ್ಕೆ ತಗಲುವ ಶ್ರಮವನ್ನು ಊಹಿಸಿಕೊಳ್ಳಿ.

ಕವಲುಗಳು

ನೇರ ದಾರಿಯನ್ನು ಯಾರಾದರೂ ಬರೆಯಬಲ್ಲರು. ಪ್ರಸಂಗದ ತಿರುಳಿರುವುದು ಅದರ ಕೆಳಗೆ ಬರುವ ಕವಲುಗಳಲ್ಲಿ. ಪ್ರತಿಯೊಂದು ಹೆಜ್ಜೆಯ ಮೇಲೂ ಬೆರಳಿಟ್ಟು, ‘ಹಾಗಾಗದಿದ್ದರೆ?’ ಎಂದು ಕೇಳುತ್ತ ಹೋಗಬೇಕು.

೫ಅ. ಗುಪ್ತಸಂಖ್ಯೆ ತಪ್ಪಾಗಿದೆ: ಯಂತ್ರವು ಮತ್ತೊಮ್ಮೆ ಕೇಳುತ್ತದೆ, ಗೊತ್ತಾದ ಮಿತಿಯನ್ನು ಮೀರಿ ತಪ್ಪಿದರೆ ಬ್ಯಾಂಕು ಆ ಕಾರ್ಡಿನ ವ್ಯವಹಾರವನ್ನು ತಡೆಹಿಡಿಯುತ್ತದೆ.
೫ಆ. ಶಿಲ್ಕು ಸಾಲದು: ಯಂತ್ರವು ಹಾಗೆಂದು ತಿಳಿಸಿ ಕಾರ್ಡನ್ನು ಮರಳಿಸುತ್ತದೆ.
೫ಇ. ಗೊತ್ತಾದ ಅವಧಿಯೊಳಗೆ ಬ್ಯಾಂಕಿನಿಂದ ಉತ್ತರ ಬರಲಿಲ್ಲ: ಯಂತ್ರವು ಕಾರ್ಡನ್ನು ಮರಳಿಸಿ, ವ್ಯವಹಾರವನ್ನು ರದ್ದುಪಡಿಸಬೇಕೆಂದು ಬ್ಯಾಂಕಿಗೆ ತಿಳಿಸುತ್ತದೆ.
೬ಅ. ಖಾತೆದಾರನು ಕಾರ್ಡನ್ನು ತೆಗೆದುಕೊಳ್ಳಲಿಲ್ಲ: ಯಂತ್ರವು ಹಣವನ್ನು ಕೊಡದೆ, ಕಾರ್ಡನ್ನು ಒಳಗೆ ಸೇರಿಸಿಕೊಂಡು, ರದ್ದತಿಯ ಸಂದೇಶವನ್ನು ಕಳುಹಿಸುತ್ತದೆ.
೭ಅ. ನೋಟು ಒಳಗೆ ಸಿಕ್ಕಿಕೊಂಡಿತು: ಯಂತ್ರವು ಎಣಿಕೆಯನ್ನು ನಿಲ್ಲಿಸಿ, ರದ್ದತಿಯ ಸಂದೇಶವನ್ನು ಕಳುಹಿಸಿ, ತನ್ನನ್ನು ದುರಸ್ತಿಗೆ ಗುರುತುಮಾಡಿಕೊಳ್ಳುತ್ತದೆ.
೮ಅ. ಖಾತೆದಾರನು ಹಣವನ್ನು ತೆಗೆದುಕೊಳ್ಳಲಿಲ್ಲ: ಯಂತ್ರವು ಕೆಲವು ಕ್ಷಣ ಕಾದು, ನೋಟುಗಳನ್ನು ಒಳಗೆ ಎಳೆದುಕೊಳ್ಳುತ್ತದೆ.

೫ಇ ಎಂಬ ಕವಲನ್ನು ಸ್ವಲ್ಪ ವಿವರವಾಗಿ ನೋಡೋಣ. ಉತ್ತರ ಬರಲಿಲ್ಲವೆಂದರೆ, ಯಂತ್ರದ ಕೋರಿಕೆಯೇ ಬ್ಯಾಂಕನ್ನು ತಲುಪಿಲ್ಲದಿರಬಹುದು. ಅಥವಾ ಕೋರಿಕೆ ತಲುಪಿ, ಬ್ಯಾಂಕು ಹಣವನ್ನು ಕಳೆದು, ಒಪ್ಪಿಗೆಯನ್ನು ಕಳುಹಿಸಿ, ಆ ಒಪ್ಪಿಗೆಯೇ ದಾರಿಯಲ್ಲಿ ಕಳೆದುಹೋಗಿರಬಹುದು. ಇವೆರಡರಲ್ಲಿ ಯಾವುದಾಯಿತೆಂಬುದು ಯಂತ್ರಕ್ಕೆ ತಿಳಿಯುವ ಬಗೆಯಿಲ್ಲ. ಆದುದರಿಂದಲೇ ‘ಕಳೆದಿದ್ದರೆ ರದ್ದುಮಾಡಿ’ ಎಂದು ಅದು ಹೇಳಬೇಕಾಗುತ್ತದೆ. ಆದರೆ ರದ್ದತಿಯ ಆ ಸಂದೇಶವೂ ಅದೇ ತಂತಿಯಲ್ಲಿ ಹೋಗಬೇಕಲ್ಲವೆ? ತಂತಿಯೇ ಕಡಿದಿದ್ದರೆ? ಆಗ ಉಳಿಯುವುದು ಯಂತ್ರದ ದಾಖಲೆಯೊಂದೇ. ಬ್ಯಾಂಕಿನ ಲೆಕ್ಕವನ್ನು ಆ ದಾಖಲೆಯೊಡನೆಯೂ ಯಂತ್ರದಲ್ಲಿ ಉಳಿದ ನೋಟುಗಳೊಡನೆಯೂ ಹೋಲಿಸಿ, ವ್ಯತ್ಯಾಸವನ್ನು ಸರಿಪಡಿಸುವ ಕೆಲಸವು ಅನಂತರ ನಡೆಯಬೇಕು. ಕನಿಷ್ಠ ಭರವಸೆಯಲ್ಲಿ ‘ಕಡೆಗೆ’ ಎಂಬ ಮಾತನ್ನು ಸೇರಿಸಿದುದು ಇದಕ್ಕಾಗಿ. ನಮ್ಮ ಕಥೆಯ ಮೊದಲಲ್ಲಿ ಪೇಟೆಗೆ ಬಂದವನು ಸಿಕ್ಕಿಕೊಂಡಿದ್ದುದು ಇಂಥದೇ ಒಂದು ಕವಲಿನಲ್ಲಿ.

‘ಕಡೆಗೆ’ ಎಂದರೆ ಎಷ್ಟು ದಿನ? ಇದು ಎಂಜಿನಿಯರನು ತಾನೇ ನಿರ್ಧರಿಸುವ ವಿಷಯವಲ್ಲ. ಭಾರತೀಯ ರಿಸರ್ವ್ ಬ್ಯಾಂಕು ೨೦೧೯ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಇದಕ್ಕೆ ಉತ್ತರವಿತ್ತು. ಖಾತೆಯಿಂದ ಹಣ ಕಳೆದು ಎ.ಟಿ.ಎಂ.ನಿಂದ ನೋಟು ಬಾರದಿದ್ದಲ್ಲಿ, ವ್ಯವಹಾರ ನಡೆದ ದಿನದ ಅನಂತರ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಹಣವನ್ನು ಖಾತೆಗೆ ಮರಳಿ ಜಮಾ ಮಾಡಬೇಕು. ತಡವಾದರೆ ಮುಂದಿನ ಪ್ರತಿ ದಿನಕ್ಕೂ ೧೦೦ ರೂಪಾಯಿಯಂತೆ ಪರಿಹಾರ ಕೊಡಬೇಕು. ಒಂದು ಕವಲು ಎಷ್ಟು ಮಂದಿಯ ಹಿತಕ್ಕೆ ಸಂಬಂಧಿಸಿದುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

೮ಅ ಕವಲಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮರೆತುಹೋದ ನೋಟುಗಳನ್ನು ಯಂತ್ರವು ಹಿಂದಕ್ಕೆಳೆದುಕೊಳ್ಳುವುದು ಖಾತೆದಾರನ ಮೇಲಿನ ಕರುಣೆಯಿಂದಲೇ. ಆದರೆ ಕೆಲವು ಚತುರರು ನೋಟಿನ ಕಟ್ಟಿನ ನಡುವಿನಿಂದ ಕೆಲವನ್ನು ಮಾತ್ರ ಮೆಲ್ಲಗೆ ಸೆಳೆದು, ಮಿಕ್ಕವನ್ನು ಹಾಗೆಯೇ ಬಿಟ್ಟರು. ಒಳಗೆಳೆದ ನೋಟುಗಳನ್ನು ಯಂತ್ರವು ಮತ್ತೆ ಎಣಿಸದಿದ್ದರೆ, ಹಣವೆಲ್ಲ ಮರಳಿತೆಂದೇ ಅದರ ಭಾವನೆ! ಪೂರ್ತಿ ಮೊತ್ತವು ಖಾತೆಗೆ ಹಿಂದಿರುಗುತ್ತದೆ. ಸದುದ್ದೇಶದಿಂದ ಬರೆದ ಕವಲಿಗೆ ಮತ್ತೊಂದು ಕವಲು ಬೇಕಾಯಿತು. ಮರೆಯುವವನು, ಗಡಿಬಿಡಿಯವನು, ಮೋಸಗಾರ—ಇವರೆಲ್ಲರೂ ‘ಖಾತೆದಾರ’ ಎಂಬ ಒಂದೇ ಪಾತ್ರದಲ್ಲಿ ಬರುತ್ತಾರೆಂಬುದನ್ನು ಪ್ರಸಂಗ ಬರೆಯುವವನು ಮರೆಯಬಾರದು.

ಎತ್ತರ ಮತ್ತು ಅಳತೆ

ಪ್ರಸಂಗಗಳನ್ನು ಬರೆಯಲು ಹೊರಟವರಿಗೆ ಎದುರಾಗುವ ಮೊದಲ ತೊಡಕು, ಒಂದು ಪ್ರಸಂಗ ಎಷ್ಟು ದೊಡ್ಡದಿರಬೇಕೆಂಬುದು. ‘ಬ್ಯಾಂಕಿನ ವ್ಯವಹಾರ ನಡೆಸುವುದು’ ಎಂದರೆ ತೀರ ದೊಡ್ಡದು. ‘ಗುಪ್ತಸಂಖ್ಯೆಯನ್ನು ಒತ್ತುವುದು’ ಎಂದರೆ ತೀರ ಚಿಕ್ಕದು. ಆಲಿಸ್ಟೇರ್ ಕೋಬರ್ನ್ ಎಂಬವರು ಈ ವಿಷಯದಲ್ಲಿ ಬರೆದ ಪ್ರಸಿದ್ಧವಾದ ಪುಸ್ತಕದಲ್ಲಿ ಸೊಗಸಾದ ಹೋಲಿಕೆಯೊಂದಿದೆ. ಕೆಲವು ಗುರಿಗಳು ಗಾಳಿಪಟದಂತೆ ಮೇಲೆ ಹಾರುತ್ತವೆ; ಕೆಲವು ಮೀನಿನಂತೆ ನೀರಿನಾಳದಲ್ಲಿರುತ್ತವೆ; ಇವೆರಡರ ನಡುವೆ ಕಡಲಿನ ಮಟ್ಟದಲ್ಲಿರುವ ಗುರಿಗಳೇ ಮುಖ್ಯವಾದುವು. ಕಡಲಿನ ಮಟ್ಟವನ್ನು ಗುರುತಿಸುವುದು ಸುಲಭ. ಬಂದವನು ಈ ಕೆಲಸವನ್ನು ಒಮ್ಮೆ ಮುಗಿಸಿ, ತೃಪ್ತನಾಗಿ ಹೊರಟುಹೋಗಬಲ್ಲನೆ ಎಂದು ಕೇಳಬೇಕು. ಗುಪ್ತಸಂಖ್ಯೆಯನ್ನಷ್ಟೇ ಒತ್ತಿ ಯಾರೂ ಸಂತೋಷದಿಂದ ಮನೆಗೆ ಹೋಗುವುದಿಲ್ಲ. ಹಣ ಪಡೆದು ಹೋಗುತ್ತಾರೆ. ಆದುದರಿಂದ ಪ್ರಸಂಗವಾಗತಕ್ಕದ್ದು ಹಣ ಪಡೆಯುವುದು. ನೇರ ದಾರಿಯು ಮೂರರಿಂದ ಒಂಬತ್ತು ಹೆಜ್ಜೆಗಳಲ್ಲಿ ಮುಗಿಯಬೇಕೆಂಬ ಸಲಹೆಯೂ ಅಲ್ಲಿದೆ.

ಎರಡನೆಯ ತೊಡಕು ಚಿತ್ರಗಳದು. ತಂತ್ರಾಂಶದ ವಿನ್ಯಾಸವನ್ನು ಬರೆಯಲು ‘ಯು.ಎಂ.ಎಲ್.’ ಎಂಬ ಚಿತ್ರಲಿಪಿಯೊಂದು ೧೯೯೭ರಲ್ಲಿ ಮಾನ್ಯವಾಯಿತು. ಜೇಕಬ್‌ಸನ್, ಗ್ರೇಡಿ ಬೂಚ್ ಮತ್ತು ಜೇಮ್ಸ್ ರಂಬಾ ಎಂಬ ಮೂವರು ಅದರ ಮುಖ್ಯ ಕರ್ತೃಗಳು. ಅದರಲ್ಲಿ ಪಾತ್ರಕ್ಕೆ ಕಡ್ಡಿಯಂಥ ಮನುಷ್ಯನ ಚಿತ್ರ, ಪ್ರಸಂಗಕ್ಕೆ ಅಂಡಾಕೃತಿ, ಅವೆರಡನ್ನೂ ಕೂಡಿಸಲು ಒಂದು ಗೆರೆ. ನೋಡುವುದಕ್ಕೆ ಅಂದವಾಗಿದೆ. ಆದರೆ ಅಂಡಾಕೃತಿಯೊಳಗೆ ‘ಹಣ ಪಡೆಯುವುದು’ ಎಂಬ ಎರಡು ಪದಗಳಿಗಷ್ಟೇ ಜಾಗ. ನೋಟು ಸಿಕ್ಕಿಕೊಂಡರೆ ಏನೆಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಚಿತ್ರವು ಪುಸ್ತಕದ ವಿಷಯಸೂಚಿಯಿದ್ದಂತೆ. ವಿಷಯಸೂಚಿಯನ್ನು ಬರೆದು, ಪುಸ್ತಕವನ್ನೇ ಬರೆದೆನೆಂದು ತಿಳಿಯುವ ತಪ್ಪು ವಿದ್ಯಾರ್ಥಿಗಳಿಂದ ಆಗುವುದುಂಟು.

ಲಂಡನ್ನಿನಲ್ಲಿ ಎರಡು ದಿನ

ಯಂತ್ರವು ನೇರ ದಾರಿಯನ್ನೇ ನಂಬಿಕೊಂಡಾಗ ಏನಾಗಬಹುದೆಂಬುದಕ್ಕೆ ಲಂಡನ್ ನಗರದ ಆಂಬ್ಯುಲೆನ್ಸ್ ಸೇವೆಯ ಕಥೆ ಪ್ರಸಿದ್ಧವಾದ ಉದಾಹರಣೆ. ಆ ಸೇವೆಯು ಸುಮಾರು ೬೦೦ ಚದರ ಮೈಲಿಯ ಪ್ರದೇಶದಲ್ಲಿ ೬೮ ಲಕ್ಷ ಜನರನ್ನು ನೋಡಿಕೊಳ್ಳಬೇಕಾಗಿತ್ತು. ದಿನಕ್ಕೆ ೨,೦೦೦ದಿಂದ ೨,೫೦೦ ಕರೆಗಳು ಬರುತ್ತಿದ್ದುವು. ಹಿಂದೆ ನೌಕರರು ಕರೆಯ ವಿವರವನ್ನು ಕಾಗದದ ಮೇಲೆ ಬರೆದು, ಯಾವ ಗಾಡಿ ಎಲ್ಲಿದೆಯೆಂದು ತಮ್ಮ ಅನುಭವದಿಂದ ತಿಳಿದು, ಕಳುಹಿಸುತ್ತಿದ್ದರು. ೧೯೯೨ರ ಅಕ್ಟೋಬರ್ ೨೬ರಂದು ಆ ಕೆಲಸವನ್ನು ಗಣಕಕ್ಕೆ ಒಪ್ಪಿಸಲಾಯಿತು. ಪ್ರತಿಯೊಂದು ಗಾಡಿಯೂ ಎಲ್ಲಿದೆ, ಏನು ಮಾಡುತ್ತಿದೆ ಎಂಬುದನ್ನು ಗಣಕವು ಅರಿತು, ಹತ್ತಿರದ ಗಾಡಿಯನ್ನು ತಾನೇ ಆರಿಸುವುದೆಂಬುದು ಯೋಜನೆ.

ಈ ಪ್ರಸಂಗದ ನೇರ ದಾರಿ ನಿರ್ದೋಷವಾಗಿ ತೋರುತ್ತದೆ. ಆದರೆ ಗಾಡಿಗಳ ಸ್ಥಾನವನ್ನೂ ಸ್ಥಿತಿಯನ್ನೂ ಕುರಿತ ಮಾಹಿತಿ ಸದಾಕಾಲವೂ ಹೆಚ್ಚುಕಡಮೆ ಪರಿಪೂರ್ಣವಾಗಿ ದೊರೆಯುತ್ತದೆಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ನಿಜವಾದ ಲಂಡನ್ನಿನಲ್ಲಿ ರೇಡಿಯೋ ಅಲೆಗಳು ತಲುಪದ ಬೀದಿಗಳಿದ್ದುವು. ಅವಸರದಲ್ಲಿದ್ದ ಸಿಬ್ಬಂದಿ, ‘ಹೊರಟೆವು’, ‘ತಲುಪಿದೆವು’ ಎಂದು ತಿಳಿಸುವ ಗುಂಡಿಗಳನ್ನು ಒತ್ತಲು ಮರೆಯುತ್ತಿದ್ದರು, ಅಥವಾ ಕ್ರಮ ತಪ್ಪಿಸಿ ಒತ್ತುತ್ತಿದ್ದರು. ಗಣಕವು ಹೇಳಿದ ಗಾಡಿಯನ್ನು ಬಿಟ್ಟು ಬೇರೊಂದು ಗಾಡಿಯಲ್ಲಿ ಹೋಗುವುದೂ ಇತ್ತು. ಗಾಡಿಗಳ ಬಗೆಗೆ ಗಣಕದ ತಿಳಿವಳಿಕೆ ಹೀಗೆ ಕ್ಷಣಕ್ಷಣಕ್ಕೂ ಕೆಡುತ್ತ ಹೋಯಿತು. ಒಂದೇ ಸ್ಥಳಕ್ಕೆ ಎರಡೆರಡು ಗಾಡಿಗಳು ಹೋದುವು. ಇನ್ನೊಂದೆಡೆ ಜನ ಕಾದರು. ಕಾದವರು ಮತ್ತೆ ಮತ್ತೆ ಕರೆದರು. ಕರೆಗಳ ಹೊರೆ ಇನ್ನೂ ಹೆಚ್ಚಿತು. ತನಗೆ ತೋಚದ ಸಂಗತಿಗಳನ್ನು ಗಣಕವು ಎಚ್ಚರಿಕೆಯ ಸಂದೇಶಗಳಾಗಿ ತೆರೆಯ ಮೇಲೆ ಪೇರಿಸಿತು. ಆ ಸಾಲು ಬೆಳೆದಂತೆ, ಹಳೆಯ ಸಂದೇಶಗಳು ಯಾರ ಕಣ್ಣಿಗೂ ಬೀಳದೆ ತೆರೆಯಿಂದಾಚೆಗೆ ಸರಿದುಹೋದುವು. ಮರುದಿನವೇ, ಅಂದರೆ ಅಕ್ಟೋಬರ್ ೨೭ರಂದು, ಅರ್ಧ ಕೈಕೆಲಸದ ಪದ್ಧತಿಗೆ ಹಿಂದಿರುಗಬೇಕಾಯಿತು.

ಈ ವಿಚಾರವಾಗಿ ೧೯೯೩ರಲ್ಲಿ ಹೊರಬಂದ ತನಿಖಾ ವರದಿಯು ಹಲವು ಕಾರಣಗಳನ್ನು ಎತ್ತಿ ತೋರಿಸಿತು: ಮಿತಿಮೀರಿದ ಅವಸರ, ಸಾಲದ ಪರೀಕ್ಷೆ, ಸಾಲದ ತರಬೇತಿ, ಅಪೂರ್ಣ ಮಾಹಿತಿಯನ್ನು ತಾಳಿಕೊಳ್ಳಲಾರದ ವಿನ್ಯಾಸ. ಪ್ರಸಂಗಗಳನ್ನು ಬರೆದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ಹೇಳುವುದು ಉಚಿತವಲ್ಲ. ಆದರೆ ‘ಸಿಬ್ಬಂದಿಯು ಗುಂಡಿಯನ್ನು ಒತ್ತಿ ತಾವು ತಲುಪಿದುದನ್ನು ತಿಳಿಸುತ್ತಾರೆ’ ಎಂಬ ಒಂದು ಸಾಲಿನ ಮೇಲೆ ಬೆರಳಿಟ್ಟು, ಗಾಡಿ ನಡೆಸಿ ಅನುಭವವಿದ್ದ ಒಬ್ಬ ನೌಕರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಹಾಗಾಗದಿದ್ದರೆ?’ ಎಂದು ಕೇಳಿದ್ದರೆ ಆತನು ಹೇಳಬಹುದಾಗಿದ್ದುದೇನೆಂಬುದನ್ನು ನಾವು ಊಹಿಸಬಲ್ಲೆವು. ಬಳಕೆಯ ಪ್ರಸಂಗವು ಸರಳವಾದ ಮಾತಿನಲ್ಲಿರಬೇಕೆಂಬುದಕ್ಕೆ ಕಾರಣವೇ ಇದು. ಅದನ್ನು ಎಂಜಿನಿಯರನೂ ಓದಬೇಕು, ಗಾಡಿಯ ಚಾಲಕನೂ ಓದಿ ತಪ್ಪು ಹಿಡಿಯಬೇಕು.

ಮಿತಿಗಳು

ಈ ವಿಧಾನಕ್ಕೂ ಮಿತಿಗಳಿವೆ. ಪ್ರಸಂಗವು ಯಂತ್ರದ ನಡವಳಿಕೆಯನ್ನು ಹೇಳುತ್ತದೆ. ಅದು ಎಷ್ಟು ಬೇಗ ನಡೆಯಬೇಕು, ಏಕಕಾಲದಲ್ಲಿ ಎಷ್ಟು ಮಂದಿಯನ್ನು ತಾಳಬೇಕು, ಗುಟ್ಟನ್ನು ಹೇಗೆ ಕಾಯಬೇಕು ಎಂಬುವನ್ನು ಬೇರೆಯಾಗಿಯೇ ಬರೆಯಬೇಕು. ತಂತ್ರಾಂಶವನ್ನು ರಚಿಸುವಾಗ ಆಗುವ ಕೈತಪ್ಪುಗಳನ್ನೂ ಅದು ತಡೆಯಲಾರದು. ಲಂಡನ್ನಿನ ಅದೇ ವ್ಯವಸ್ಥೆ ೧೯೯೨ರ ನವೆಂಬರ್ ೪ರಂದು ಪೂರ್ತಿಯಾಗಿ ಸ್ತಬ್ಧವಾಯಿತು. ಗಾಡಿಯನ್ನು ಕಳುಹಿಸಿದಾಗಲೆಲ್ಲ ಗಣಕದ ಸ್ಮೃತಿಯ ಒಂದು ಚಿಕ್ಕ ಅಂಶವನ್ನು ಬಳಸಿ, ಹಿಂದಕ್ಕೆ ಬಿಟ್ಟುಕೊಡದೆ ಇದ್ದ ಒಂದು ತುಣುಕು ಆಜ್ಞೆ, ಮೂರು ವಾರಗಳಲ್ಲಿ ಸ್ಮೃತಿಯನ್ನೆಲ್ಲ ಬರಿದು ಮಾಡಿತ್ತು. ಎಷ್ಟೇ ಚೆನ್ನಾಗಿ ಪ್ರಸಂಗ ಬರೆದರೂ ಇಂಥ ತಪ್ಪು ಅದರಲ್ಲಿ ಕಾಣದು. ಅದಕ್ಕೆ ಬೇರೆ ಬಗೆಯ ಪರೀಕ್ಷೆ ಬೇಕು.

ಇದಲ್ಲದೆ, ನೂರಾರು ಪುಟಗಳ ಪ್ರಸಂಗಗಳನ್ನು ಬರೆದಿಟ್ಟು, ಅವು ಮುಗಿಯುವುದರೊಳಗೆ ಅಗತ್ಯಗಳೇ ಬದಲಾಗಿಹೋದ ಉದಾಹರಣೆಗಳೂ ಉಂಟು. ಈ ಭಾರವನ್ನು ತಗ್ಗಿಸಲೆಂದು ೧೯೯೦ರ ದಶಕದ ಕೊನೆಯಲ್ಲಿ ‘ಯೂಸರ್ ಸ್ಟೋರಿ’ ಎಂಬ ಪದ್ಧತಿ ಬಂದಿತು. ಅಲ್ಲಿ ಒಂದು ಚಿಕ್ಕ ಚೀಟಿಯ ಮೇಲೆ ಬಳಸುವವನ ಬಯಕೆಯನ್ನು ಒಂದೆರಡು ವಾಕ್ಯಗಳಲ್ಲಿ ಬರೆದು, ಮಿಕ್ಕುದನ್ನು ಮಾತುಕತೆಗೆ ಬಿಡುತ್ತಾರೆ. ಜೇಕಬ್‌ಸನ್ನರೂ ಅವರ ಸಂಗಡಿಗರೂ ೨೦೧೧ರಲ್ಲಿ ತಮ್ಮ ವಿಧಾನವನ್ನು ಪರಿಷ್ಕರಿಸಿ, ಪ್ರಸಂಗವನ್ನು ಹೋಳುಮಾಡಿ, ಮೊದಲು ನೇರ ದಾರಿಯನ್ನು, ಅನಂತರ ಒಂದೊಂದೇ ಕವಲನ್ನು ಬರೆದು, ಕಟ್ಟಿ, ಪರೀಕ್ಷಿಸುತ್ತ ಹೋಗುವ ಮಾರ್ಗವನ್ನು ತೋರಿಸಿದರು. ಬರೆದ ಪ್ರತಿಯೊಂದು ಕವಲೂ ಮುಂದೆ ಒಂದು ಪರೀಕ್ಷೆಯಾಗುವುದು ಇದರ ದೊಡ್ಡ ಲಾಭ. ‘ನೋಟು ಸಿಕ್ಕಿಕೊಂಡಿತು’ ಎಂದು ಬರೆದಿದ್ದರೆ, ಯಾರಾದರೂ ಒಬ್ಬರು ಬೇಕೆಂದೇ ಒಂದು ಮುದುಡಿದ ನೋಟನ್ನು ಯಂತ್ರದಲ್ಲಿಟ್ಟು ಏನಾಗುವುದೆಂದು ನೋಡುತ್ತಾರೆ. ಬರೆಯದಿದ್ದರೆ, ಆ ಪರೀಕ್ಷೆಯನ್ನು ಮಾಡುವವನು ಖಾತೆದಾರನೇ.

ಓದುಗರು ಮಾಡಿ ನೋಡಬಹುದಾದ ಒಂದು ಕೆಲಸದೊಡನೆ ಈ ಲೇಖನವನ್ನು ಮುಗಿಸಬಹುದು. ನಿಮ್ಮ ಶಾಲೆಯ ಅಥವಾ ಕಾಲೇಜಿನ ಪುಸ್ತಕಾಲಯದಲ್ಲಿ ‘ಪುಸ್ತಕವನ್ನು ಎರವಲು ಪಡೆಯುವುದು’ ಎಂಬ ಪ್ರಸಂಗವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ನೇರ ದಾರಿ ಐದಾರು ಸಾಲುಗಳಲ್ಲಿ ಮುಗಿದೀತು. ಅನಂತರ ಪ್ರತಿಯೊಂದು ಸಾಲಿನ ಮುಂದೆಯೂ ‘ಹಾಗಾಗದಿದ್ದರೆ?’ ಎಂದು ಬರೆದು ಉತ್ತರ ಹುಡುಕಿರಿ. ಪಟ್ಟಿಯಲ್ಲಿ ಪುಸ್ತಕವಿದೆ, ಕಪಾಟಿನಲ್ಲಿ ಇಲ್ಲ. ಇಬ್ಬರು ಒಂದೇ ಪ್ರತಿಯನ್ನು ಕೇಳುತ್ತಾರೆ. ಹಿಂದೆ ತೆಗೆದುಕೊಂಡವನು ಕಾಲೇಜನ್ನೇ ಬಿಟ್ಟುಹೋಗಿದ್ದಾನೆ. ನಿಮಗೆ ತೋಚಿದುದನ್ನೆಲ್ಲ ಬರೆದಾದ ಮೇಲೆ ಆ ಹಾಳೆಯನ್ನು ಪುಸ್ತಕಾಲಯದ ಹಿರಿಯ ನೌಕರರೊಬ್ಬರ ಕೈಗೆ ಕೊಟ್ಟು, ಬಿಟ್ಟುಹೋದುದೇನೆಂದು ವಿಚಾರಿಸಿರಿ. ಅವರು ಸೇರಿಸುವ ಕವಲುಗಳು ನಿಮ್ಮವಕ್ಕಿಂತ ಹೆಚ್ಚಾಗಿದ್ದರೆ ಆಶ್ಚರ್ಯಪಡಬೇಡಿ. ತಂತ್ರಾಂಶದ ಅಗತ್ಯಗಳನ್ನು ಬರೆಯುವ ವಿದ್ಯೆಯು ಹೀಗೆ ಬಲ್ಲವರನ್ನು ಕೇಳಿ, ಕೇಳಿದುದನ್ನು ತಪ್ಪದೆ ಬರೆದಿಡುವುದರಿಂದಲೇ ಆರಂಭವಾಗುತ್ತದೆ.